ಮೈನ್ ನಿಲ್ಲಿಸಬೇಡಿ, ಕೋವರ್ಟ್ ಆಡಿ

ಪ್ರಶ್ನೆ: ಸರ್, ನಾವು ಎಂಟು ಜನ ಗೆಳೆಯರು. ಶನಿವಾರ ರಾತ್ರಿ ಒಬ್ಬನ ಮನೆ ಮಹಡಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿಕೊಂಡು, ನಾಲ್ಕು ನಾಲ್ಕು ಜನ ತಂಡ ಮಾಡಿ 'ವುಲ್ಫೆನ್‌ಸ್ಟೈನ್: ಎನಿಮಿ ಟೆರಿಟರಿ' ಎಂಬ ಯುದ್ಧದ ಕಂಪ್ಯೂಟರ್ ಆಟ ಆಡುತ್ತೇವೆ. ಒಬ್ಬ ಯಾವಾಗಲೂ ಎಂಜಿನಿಯರ್ ಆಗಿ ದಾರಿಯುದ್ದಕ್ಕೂ ಮೈನ್ (ನೆಲಬಾಂಬು) ಹೂಳುತ್ತಾನೆ. ಹೋದ ವಾರ ಜಗಳವಾಗಿ ಇಬ್ಬರು ಎದ್ದು ಹೋದರು. ಮೈನ್ ಬೇಡವೇ ಬೇಡ ಅಂತ ರೂಲ್ ಮಾಡಿಬಿಡೋಣವಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಾಡಬೇಡಿ. ನಿಮ್ಮ ಗೆಳೆಯನದು ತಪ್ಪೇನೂ ಇಲ್ಲ. ನಿಮ್ಮ ತಂಡದಲ್ಲಿ ಕೋವರ್ಟ್ ಆಪ್ಸ್, ಅಂದರೆ ಗೂಢಚಾರನ ಪಾತ್ರ, ಯಾರು ಆಡುತ್ತಾರೆ? ಪತ್ರದಲ್ಲಿ ಆ ಹೆಸರೇ ಬಂದಿಲ್ಲ.

2003ರಲ್ಲಿ ಬಂದ ಈ ಆಟದಲ್ಲಿ ಐದು ಕ್ಲಾಸ್, ಅಂದರೆ ಆಟಗಾರ ಆರಿಸಿಕೊಳ್ಳುವ ಪಾತ್ರ: ಸೋಲ್ಜರ್, ಮೆಡಿಕ್, ಎಂಜಿನಿಯರ್, ಫೀಲ್ಡ್ ಆಪ್ಸ್, ಕೋವರ್ಟ್ ಆಪ್ಸ್. ಮೈನ್ ಹೂಳುವವನು ಎಂಜಿನಿಯರ್, ಇಕ್ಕಳ ಹಿಡಿದು ತೆಗೆಯುವವನೂ ಅವನೇ. ಆದರೆ ಅದು ಎಲ್ಲಿದೆ ಅಂತ ಹುಡುಕಿ ತೋರಿಸುವುದು ಕೋವರ್ಟ್ ಕೆಲಸ. ಅವನು ದುರ್ಬೀನು ಇಟ್ಟು ಸ್ವಲ್ಪ ಹೊತ್ತು ನೆಟ್ಟ ನೋಟದಲ್ಲಿ ನೋಡಿದರೆ ಅಲ್ಲೊಂದು ಬಾವುಟ ಬರುತ್ತದೆ, ಆಮೇಲೆ ತಂಡದವರು ಸುತ್ತಿ ಹೋಗಬಹುದು. ರಾತ್ರಿ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವಾಗ ಬದುವಿನ ಮೇಲೆ ಬ್ಯಾಟರಿ ಬಿಡದೆ ಯಾರಾದರೂ ಕಾಲಿಡುತ್ತಾರಾ? ನೀವು ನಾಲ್ಕೂ ಜನ ಕತ್ತಲಲ್ಲಿ ಓಡುತ್ತಿದ್ದೀರಿ.

ಇನ್ನೊಂದು ನೋಡಿ. ಈ ಆಟದ ಮೈನ್ ಕಾಲಿಟ್ಟ ತಕ್ಷಣ ಸಿಡಿಯಲ್ಲ. ಕ್ಲಿಕ್ ಅನ್ನುತ್ತದೆ, ಕಾಲು ತೆಗೆದಾಗಲೇ ಸಿಡಿಯುವುದು. ಹಾಗಾಗಿ ಸದ್ದು ಕೇಳಿದ ಕೂಡಲೇ ಅಲ್ಲೇ ನಿಂತು ಎಂಜಿನಿಯರನ್ನು ಕೂಗಿ. ಅವನು ಓಡಿ ಬಂದು ನಿಮ್ಮ ಕಾಲ ಬುಡದಲ್ಲಿ ಕೂತು ಇಕ್ಕಳ ಆಡಿಸುವಾಗ ಮಿಕ್ಕ ಇಬ್ಬರು ಸುತ್ತ ಗುಂಡು ಹಾರಿಸುತ್ತಾ ಕಾಯಬೇಕು. ನನಗೆ ಈ ಆಟ ಇಷ್ಟವಾದದ್ದೇ ಆ ಹತ್ತು ಸೆಕೆಂಡಿಗೆ. ಮೈನ್ ತೆಗೆದುಹಾಕಿದರೆ ಅದೂ ಹೋಗುತ್ತದೆ, ಕೋವರ್ಟ್‌ಗೆ ಅರ್ಧ ಕೆಲಸವೂ ಹೋಗುತ್ತದೆ.

ಆದರೂ ನಿಮ್ಮ ದೂರಿನಲ್ಲಿ ನಿಜವಿದೆ. ಒಂದು ತಂಡ ಒಟ್ಟು 10 ಮೈನ್ ಇಡಬಹುದು, ಆಡುವವರು ನಾಲ್ಕೇ ಇದ್ದರೂ ಅಷ್ಟೇ, ಹದಿನಾರಿದ್ದರೂ ಅಷ್ಟೇ. ದೊಡ್ಡ ಆಟಕ್ಕೆ 10 ಏನೂ ಜಾಸ್ತಿ ಅಲ್ಲ, ಆದರೆ ನಾಲ್ವರಿಗೆ ತಲೆಗೆ ಎರಡೂವರೆ ಆಯ್ತು, ಮೆಡಿಕ್‌ಗೆ ಬಿದ್ದವರನ್ನು ಎಬ್ಬಿಸಲು ಸಿರಿಂಜ್ ಹಿಡಿದು ಓಡುವುದೇ ಕೆಲಸ. ಜನ ಕಡಿಮೆ ಇದ್ದಾಗ ಮೊದಲು ಬಿಟ್ಟುಹೋಗುವುದೂ ಕೋವರ್ಟ್‌ನೇ ಅಲ್ವಾ. ನೀವೇ ಸೇರಿ ತಂಡಕ್ಕೆ ನಾಲ್ಕೇ ಮೈನ್ ಅಂತ ಮಾತು ಮಾಡಿಕೊಳ್ಳಿ. ಫ್ಯುಯೆಲ್ ಡಂಪ್ ಮ್ಯಾಪ್‌ನಲ್ಲಿ ಆಡಿದರೆ ಶುರುವಿನಲ್ಲಿ ಒಬ್ಬ ಕೋವರ್ಟ್ ಆಗಲಿ. ಅಲ್ಲಿ ಒಂದು ತಂಡ ಟ್ಯಾಂಕ್ ಸಾಗಿಸಬೇಕು, ಅದು ಕೆಟ್ಟು ನಿಂತ ಕಡೆಗೆ ರಿಪೇರಿಗೆ ಎಂಜಿನಿಯರ್ ಬಂದೇ ಬರುತ್ತಾನೆ, ಎದುರಾಳಿ ಮೈನ್ ಇಡುವುದೂ ಅಲ್ಲೇ ಹಿಮದಲ್ಲಿ. ದುರ್ಬೀನು ಮೊದಲು ಅಲ್ಲಿಗೆ ಹೋಗಬೇಕು. ದಾರಿ ತೆರವಾದ ಮೇಲೆ ಸತ್ತು ಮತ್ತೆ ಆಟಕ್ಕೆ ಬರುವಾಗ ಕ್ಲಾಸ್ ಬದಲಿಸಿಕೊಳ್ಳಬಹುದು. ಎದ್ದು ಹೋದ ಇಬ್ಬರನ್ನು ಕರೆಯುವಾಗ ಕೋವರ್ಟ್ ಅವರಿಗೇ ಕೊಡಿ.

ಪ್ರಶ್ನೆ: ಕಲ್ಲು ಹಾಸಿದ ರಸ್ತೆಯಲ್ಲಿ ಮೈನ್ ಹೂಳಲು ಹೋದರೆ ಆಗುವುದೇ ಇಲ್ಲ. ನನ್ನ ಕಂಪ್ಯೂಟರಿನದೇ ತೊಂದರೆಯಾ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲ. ಹುಲ್ಲು, ಹಿಮ, ಜಲ್ಲಿಮಣ್ಣಿನಂಥ ಮೆತ್ತನೆ ನೆಲದಲ್ಲಿ ಮಾತ್ರ ಮೈನ್ ಕೂರುತ್ತದೆ. ಮಂಡ್ಯದವರೂ ಇದನ್ನು ಓದಿಕೊಳ್ಳಿ, ಕೋವರ್ಟ್ ಸತ್ತುಬಿದ್ದಾಗ ಕಲ್ಲುಹಾದಿ ಬಿಡದೆ ಓಡಿ.