ಕಲಬುರಗಿಯಿಂದ ಹೋಗಿಬರಲು ಗದ್ದಲವಿಲ್ಲದ ಕಡಲ ತೀರ ಯಾವುದು? ಉಳಿಯೋಕೆ ಚಿಕ್ಕದಾದರೂ ಚೊಕ್ಕ ಜಾಗ ಬೇಕು

ವಯಸ್ಸಾದ ಅಪ್ಪ-ಅಮ್ಮ ಜೊತೆಗಿರುತ್ತಾರೆ, ದೊಡ್ಡ ರೆಸಾರ್ಟ್ ಬೇಡ, ಹಳ್ಳಿ ಕಡೆಯ ಬುಟೀಕ್ ಸ್ಟೇ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ನಾನೂ ಕಲಬುರಗಿಯವನೇ. ನಮ್ಮ ಕಡೆ ಯಾರು ಕೇಳಿದರೂ ನಾನು ಹೇಳುವುದು ಒಂದೇ ಜಾಗ. ಉತ್ತರ ಕನ್ನಡದ ಕುಮಟಾಕ್ಕೆ ಹೋಗಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಸುತ್ತಮುತ್ತ ಉಳಿದುಕೊಳ್ಳಿ.

ಬರೀ ಬೀಚ್ ನೋಡೋಕಾದರೆ ಎಲ್ಲಾದರೂ ಹೋಗಬಹುದು. ಆದರೆ ಈ ಅಳಿವೆ ದಿನಕ್ಕೆ ನಾಲ್ಕು ಸಲ ಬೇರೆಯೇ ಆಗಿ ಕಾಣುತ್ತದೆ. ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಕಡೆ ಮಧ್ಯಾಹ್ನ ಹೆಂಗಸರು ಬುಟ್ಟಿ ಹಿಡಿದು ಕೆಸರಿನಲ್ಲಿ ಚಿಪ್ಪಿ ಆರಿಸುತ್ತಿರುತ್ತಾರೆ. ಉಬ್ಬರದ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಒಂದೇ ಕಡೆ ಎರಡು ಮೂರು ದಿನ ಕೂತರೆ ಮಾತ್ರ ಇದು ಮನಸ್ಸಿಗೆ ಇಳಿಯುತ್ತದೆ. ಸೊನ್ನ, ನಾರಾಯಣಪುರದಲ್ಲಿ ಗೇಟ್ ಹಾಕಿ ನಿಲ್ಲಿಸಿದ ನೀರನ್ನೇ ನೋಡಿ ಬೆಳೆದವರು ನಾವು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಅನ್ನೋದೇ ಇಲ್ಲ. ಶಿರಸಿ ಕಡೆ ಹುಟ್ಟಿ ತನ್ನ ಪಾಡಿಗೆ ಹರಿದು ಬರುತ್ತದೆ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು.

ದಡದ ಗಜನಿ ಗದ್ದೆಗಳನ್ನು ತಪ್ಪದೇ ನೋಡಿ. ಉಪ್ಪು ನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತವನ್ನು ಮಳೆಗಾಲದಲ್ಲಿ ಅಲ್ಲಿ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ನಿಮ್ಮ ಅಪ್ಪನವರು ಒಕ್ಕಲುತನ ಮಾಡಿದವರಾದರೆ ಅಲ್ಲಿಂದ ಎದ್ದು ಬರೋದೇ ಇಲ್ಲ, ನೋಡ್ತಿರಿ. ಅಲ್ಲೇ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಮಿರ್ಜಾನ ಕೋಟೆಯೂ ಹೆದ್ದಾರಿ ಪಕ್ಕದಲ್ಲೇ ಇದೆ. ನಮ್ಮ ಕೋಟೆಯದು ಕಪ್ಪು ಕಲ್ಲು, ಅದು ಪೂರ್ತಿ ಕೆಂಪು ಚಿರೇಕಲ್ಲು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಾಲದಲ್ಲಿ ಕಾಳುಮೆಣಸು ಇಲ್ಲಿಂದಲೇ ಹಡಗು ಹತ್ತುತ್ತಿತ್ತು.

ಇನ್ನು ಉಳಿಯುವ ವಿಷಯ. ಗೋಕರ್ಣದ ಕುಡ್ಲೆ, ಓಂ ಬೀಚ್ ಕಡೆ ಗುಡ್ಡದ ಮೇಲೆ ಚೆಂದದ ಕಾಟೇಜುಗಳಿವೆ. ಫೋಟೋ ನೋಡಿದರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಆದರೆ ಕಡಲಿಗೆ ಇಳಿಯೋಕೆ ಮೆಟ್ಟಿಲು, ಹತ್ತೋಕೂ ಮೆಟ್ಟಿಲು. ಮೊಣಕಾಲು ನೋವಿನ ಹಿರಿಯರಿಗೆ ಅದು ಬೇಡವೇ ಬೇಡ. ಅದರ ಬದಲು ನದಿ ದಡದಲ್ಲೋ ತೆಂಗಿನ ತೋಟದ ನಡುವೆಯೋ ಇರುವ, ನಾಲ್ಕೈದು ಕೋಣೆಯ ಮನೆ ಹುಡುಕಿ. ಹಳೇ ಹೆಂಚಿನ ಮನೆಯನ್ನೇ ರಿಪೇರಿ ಮಾಡಿ ಕೊಡುವವರಿದ್ದಾರೆ. ಬುಕ್ ಮಾಡುವ ಮೊದಲು ಮನೆಯವರಿಗೇ ಫೋನ್ ಮಾಡಿ ಮಾತಾಡಿ. ಕಾರು ಬಾಗಿಲ ತನಕ ಬರುತ್ತದಾ, ಅಡುಗೆ ಮನೆಯಲ್ಲೇ ಮಾಡ್ತಾರಾ, ಕೋಣೆ ಕೆಳಗೇ ಇದೆಯಾ, ಇಷ್ಟು ಕೇಳಿದರೆ ಸಾಕು. "ಸೀ ವ್ಯೂ" ಅನ್ನುವ ಎರಡು ಪದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಹತ್ತು ನಿಮಿಷ ನಡೆದರೆ ಕಡಲು ಎಲ್ಲರಿಗೂ ಸಿಗುತ್ತದೆ.

ಮೇ ತಿಂಗಳಲ್ಲಿ ನಮ್ಮ ಬಿಸಿಲು ತಪ್ಪಿಸಿಕೊಳ್ಳೋಕೆ ಅಂತ ಅಲ್ಲಿಗೆ ಹೋಗಬೇಡಿ. ನಮ್ಮದು ಒಣ ಬಿಸಿಲು, ನೆರಳಿಗೆ ಕೂತರೆ ಆಯಿತು. ಅಲ್ಲಿ ಥರ್ಮಾಮೀಟರ್ ಕಡಿಮೆ ತೋರಿಸಿದರೂ ಬೆವರು ಆರುವುದೇ ಇಲ್ಲ, ಹಿರಿಯರು ಸೋತು ಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಜೋರು. 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು ಅಂಕೋಲಾದಿಂದ ಕುಮಟಾಕ್ಕೆ ಹೋಗುವ ಹೆದ್ದಾರಿಯಲ್ಲೇ ಇದೆ. ನನ್ನ ಪ್ರಕಾರ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಪೂಜೆ ಮುಗಿಸಿ, ತೊಗರಿ ರಾಶಿಯೂ ಆದ ಮೇಲೆ, ಅಂದರೆ ಜನವರಿ-ಫೆಬ್ರವರಿ ಹೊತ್ತಿಗೆ ಹೊರಡುವುದು ಒಳ್ಳೆಯದು. ಹೊಸ ವರ್ಷದ ವಾರ, ಶಿವರಾತ್ರಿ ಹೊತ್ತು ಬಿಟ್ಟುಬಿಡಿ. ಶನಿವಾರ-ಭಾನುವಾರವೂ ಬೇಡ.

ದಾರಿ ಸುಲಭ. ನಮ್ಮೂರಿಂದ ಜೇವರ್ಗಿ, ಸಿಂದಗಿ ಮೇಲೆ ವಿಜಯಪುರ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಸೀದಾ ಅಂಕೋಲಾ. ಅಲ್ಲಿಂದ ಕುಮಟಾ ಸೇರುವಷ್ಟರಲ್ಲಿ ಒಟ್ಟು 500 ಕಿಲೋಮೀಟರ್ ದಾಟುತ್ತದೆ. ಹಿರಿಯರಿರುವಾಗ ಒಂದೇ ದಿನ ಓಡಿಸುವ ಹಟ ಬೇಡ, ಹುಬ್ಬಳ್ಳಿಯಲ್ಲಿ ರಾತ್ರಿ ಉಳಿಯಿರಿ. ಘಾಟಿಯನ್ನು ಬೆಳಕಿನಲ್ಲೇ ಇಳಿಯಬೇಕು, ಲಾರಿ ಜಾಸ್ತಿ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಮಾರ್ಗ ಇಲ್ಲ. ಕಾರಿಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಕುಮಟಾ ಬಸ್ ಹಿಡಿಯಬೇಕು.

ಊಟಕ್ಕೆ ಅಲ್ಲಿ ಅನ್ನವೇ ಅನ್ನ. ತಂಬುಳಿ, ಅಪ್ಪೆಹುಳಿ, ಮೀನು ತಿನ್ನುವವರಾದರೆ ಬಂಗಡೆ, ಎಲ್ಲವೂ ರುಚಿ. ಆದರೂ ಅಮ್ಮನವರು ಎರಡನೇ ದಿನ ರೊಟ್ಟಿ ಕೇಳೇ ಕೇಳುತ್ತಾರೆ. ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಳ್ಳಿ. ಕಡಲ ಗಾಳಿಗೆ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಡಬ್ಬಿ ಮುಚ್ಚಳ ಗಟ್ಟಿ ಇರಲಿ. ನೀರಿಗಿಳಿಯುವ ಮುಂಚೆ ಮಾತ್ರ ದಡದಲ್ಲಿ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿ. ಅವರು ಬೇಡ ಅಂದ ಕಡೆ ಮೊಣಕಾಲಷ್ಟು ನೀರಿಗೂ ಹೋಗಬೇಡಿ.