ಪರ್ಸ್‌ಪೆಕ್ಟಿವ್ ಪಾಠ ಗಾಜಿನಿಂದ ಶುರುವಾಗಲಿ

ಹತ್ತನೇ ಕ್ಲಾಸಿನ ಮಕ್ಕಳಿಗೆ ಪರ್ಸ್‌ಪೆಕ್ಟಿವ್ ಚಿತ್ರವನ್ನು, ಅಂದರೆ ದೂರದ್ದು ಚಿಕ್ಕದಾಗಿ ಕಾಣೋ ಹಾಗೆ ಬರೆಯೋದನ್ನು, ಗಣಿತದ ಜೊತೆ ಸೇರಿಸಿ ಕಲಿಸೋದು ಹೇಗೆ ಅಂತ ಕೇಳಿದ್ದೀರಿ. ನಾನು ಗಣಿತದ ಮೇಷ್ಟ್ರು, ಚಿತ್ರದಲ್ಲಿ ಅಷ್ಟಕ್ಕಷ್ಟೇ. ಆದರೂ ಒಂದು ಮಾತು ಹೇಳಬಲ್ಲೆ: ಬೋರ್ಡಿನ ಮೇಲೆ ವ್ಯಾನಿಶಿಂಗ್ ಪಾಯಿಂಟನ್ನು (ದೂರಕ್ಕೆ ಹೋಗೋ ಸಮಾಂತರ ಗೆರೆಗಳು ಕೂಡಿದಂತೆ ಕಾಣೋ ಚುಕ್ಕೆ) ಮೊದಲೇ ಇಟ್ಟುಬಿಡಬೇಡಿ. ನಾನು ಇಟ್ಟು ಕೆಟ್ಟವನು. ಮಕ್ಕಳು ಗೆರೆಗಳನ್ನೆಲ್ಲ ಆ ಚುಕ್ಕೆಗೆ ಚೆಂದಾಗಿ ಎಳೆದರು. ವರಾಂಡದ ಕಂಬಗಳನ್ನು ಮಾತ್ರ ಸ್ಕೇಲ್ ಇಟ್ಟು ಎರಡೆರಡು ಸೆಂಟಿಮೀಟರಿಗೊಂದು ನೆಟ್ಟರು! ದೂರ ಹೋದಂತೆ ಅಂತರ ಕಿರಿದಾಗಬೇಕಿತ್ತು.

ಮರುವರ್ಷ ಒಂದು ಹಾಳೆಯಷ್ಟು ದೊಡ್ಡ ಫೋಟೋ ಫ್ರೇಮಿನ ಗಾಜನ್ನು ವರಾಂಡದಲ್ಲಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. (ಅಂಚಿಗೆ ಟೇಪ್ ಸುತ್ತಿ, ಕೈ ಕೊಯ್ಯುತ್ತೆ.) ಒಂದು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ, ಗಾಜಿನಿಂದ 50 ಸೆಂ.ಮೀ. ದೂರದಲ್ಲಿ ಕೂತು, ಕಂಡ ಕಂಬವನ್ನು ಮಾರ್ಕರಿನಲ್ಲಿ ಗಾಜಿನ ಮೇಲೇ ತಿದ್ದಬೇಕು. ಇಟಲಿಯ ವಾಸ್ತುಶಿಲ್ಪಿ ಆಲ್ಬೆರ್ಟಿ 1435ರಲ್ಲೇ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿದ್ದ. ನಮ್ಮದು ಅದೇ ಕಿಟಕಿ.

ಈಗ ಗಣಿತ. ಕಣ್ಣಿನಿಂದ ಗಾಜಿನವರೆಗೆ ಒಂದು ಸಣ್ಣ ತ್ರಿಭುಜ, ಕಂಬದವರೆಗೆ ಒಂದು ದೊಡ್ಡ ತ್ರಿಭುಜ. ಎರಡೂ ಸಮರೂಪ. 3 ಮೀಟರ್ ಎತ್ತರದ ಕಂಬ ಕಣ್ಣಿನಿಂದ 6 ಮೀಟರ್ ದೂರದಲ್ಲಿದ್ದರೆ ಗಾಜಿನ ಮೇಲೆ 25 ಸೆಂ.ಮೀ. 9 ಮೀಟರಿಗೆ ಎಷ್ಟು ಅಂತ ಲೆಕ್ಕ ಮಾಡೋ ಮುಂಚೆ ಊಹೆ ಕೇಳಿ. ಎತ್ತರ ಪ್ರತಿ ಸಲ ಅಷ್ಟಷ್ಟೇ ಇಳಿಯುತ್ತೆ ಅಂತಲೇ ಹೆಚ್ಚಿನವರು ಹೇಳ್ತಾರೆ. ಬರೋದು 16.7, 12 ಮೀಟರಿಗೆ 12.5, 15 ಮೀಟರಿಗೆ 10. ಮೊದಲು 8 ಚಿಲ್ಲರೆ ಇಳಿದದ್ದು ಆಮೇಲೆ 4, ಆಮೇಲೆ 2.5. ಗಾಜಿನ ಮೇಲಿನ ಗೆರೆಗೆ ಸ್ಕೇಲ್ ಇಟ್ಟು ಅಳೆಯಲಿ. ಕೈ ನಡುಗಿ ಅರ್ಧ ಸೆಂಟಿಮೀಟರ್ ಆಚೀಚೆ ಆಗುತ್ತೆ, ಆಗಲಿ.

ಸಮ ದೂರಕ್ಕೊಂದರಂತೆ ನಿಂತ ಕಂಬಗಳ ಅಂತರವನ್ನು ಚಿತ್ರದಲ್ಲಿ ಗುರುತಿಸೋಕೆ ಲೆಕ್ಕವೂ ಬೇಡ, ಕರ್ಣ ಸಾಕು. ಮೊದಲನೇ ಕಂಬದ ತುದಿಯಿಂದ ಎರಡನೇ ಕಂಬದ ನಡುಮಧ್ಯದ ಮೂಲಕ ಗೆರೆ ಎಳೆದರೆ ಅದು ಬುಡಗಳನ್ನು ಸೇರಿಸೋ ನೆಲದ ಗೆರೆಯನ್ನು ಮುಟ್ಟೋ ಕಡೆ ಮೂರನೇ ಕಂಬದ ಬುಡ. ಯಾಕೆ ಅಂತ ಮಕ್ಕಳನ್ನೇ ಕೇಳಿ. ಒಂದು ಪೀರಿಯಡ್ ಪೂರ್ತಿ ಅದಕ್ಕೇ ಬಿಡಿ.

ವ್ಯಾನಿಶಿಂಗ್ ಪಾಯಿಂಟ್? ಕಂಬಗಳ ತುದಿ, ಬುಡಗಳನ್ನು ಸೇರಿಸಿದ ಎರಡು ಗೆರೆಗಳನ್ನು ಮುಂದಕ್ಕೆ ಎಳೆದಾಗ ಮಕ್ಕಳೇ ಕಂಡುಕೊಳ್ತಾರೆ. ಅದು ಅವರವರ ಕಣ್ಣಿನ ಮಟ್ಟದಲ್ಲೇ ಇರುತ್ತೆ. ಕುಳ್ಳ ಹುಡುಗನ ಚುಕ್ಕೆ ಕೆಳಗೆ, ಉದ್ದದವನದ್ದು ಮೇಲೆ ಬಂದಾಗ ಯಾರದ್ದು ಸರಿ ಅಂತ ಜಗಳ ಶುರುವಾಗುತ್ತೆ, ಬಿಡಿಸೋಕೆ ಹೋಗಬೇಡಿ.