ಒಂದೇ ಅಕ್ಷಾಂಶ, ಬೇರೆ ಬೇರೆ ಚಳಿಗಾಲ

ಪ್ರಶ್ನೆ: ಮಗಳಿಗೆ ರಷ್ಯಾದ ವ್ಲಾಡಿವೋಸ್ಟಾಕ್‌ನಲ್ಲಿ ವೈದ್ಯಕೀಯ ಸೀಟು ದೊರೆತಿದೆ. ಅದು ಸಮುದ್ರತೀರದ ಊರು, ರಷ್ಯಾದಲ್ಲೇ ಕಪ್ಪು ಸಮುದ್ರದ ದಡದಲ್ಲಿರುವ ಬೆಚ್ಚನೆಯ ಊರಾದ ಸೋಚಿಯ ಅಕ್ಷಾಂಶದಲ್ಲೇ ಇದೆ, ಹಾಗಾಗಿ ಚಳಿಗೆ ಹೆದರಬೇಕಿಲ್ಲ ಎನ್ನುತ್ತಾರೆ ಏಜೆಂಟರು. ನಿಜವೇ?

ಉತ್ತರ: ಪ್ರವೇಶದ ಕಾಲ ಬಂದಿತೆಂದರೆ ಈ ಪ್ರಶ್ನೆಯೂ ಬರುತ್ತದೆ. ಏಜೆಂಟರು ಹೇಳಿದ ಎರಡು ಸಂಗತಿಗಳೂ ನಿಜ. ಅವುಗಳಿಂದ ತೆಗೆದ ತೀರ್ಮಾನ ಮಾತ್ರ ಶುದ್ಧ ಸುಳ್ಳು. ಎರಡೂ ಊರುಗಳು 43 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಆದರೆ ಜನವರಿಯ ಸರಾಸರಿ ಉಷ್ಣಾಂಶ ಸೋಚಿಯಲ್ಲಿ ಸೊನ್ನೆಗಿಂತ ಸುಮಾರು 6 ಡಿಗ್ರಿ ಮೇಲಿದ್ದರೆ, ವ್ಲಾಡಿವೋಸ್ಟಾಕ್‌ನಲ್ಲಿ ಸುಮಾರು 12 ಡಿಗ್ರಿ ಕೆಳಗಿರುತ್ತದೆ.

ಸಮುದ್ರ ಹತ್ತಿರವಿದ್ದರೆ ಸಾಲದು, ಗಾಳಿ ಎತ್ತ ಕಡೆಯಿಂದ ಬೀಸುತ್ತದೆ ಎಂಬುದನ್ನು ನೋಡಬೇಕು. ಸೋಚಿಯ ಹಿಂದೆ ಉತ್ತರದ ಶೀತಗಾಳಿಯನ್ನು ತಡೆಯುವ ಕಾಕಸಸ್ ಪರ್ವತಗಳಿವೆ, ಎದುರಿಗೆ ಅಲ್ಲಿ ಚಳಿಗಾಲದಲ್ಲೂ ಹೆಪ್ಪುಗಟ್ಟದ ಕಪ್ಪು ಸಮುದ್ರವಿದೆ. ವ್ಲಾಡಿವೋಸ್ಟಾಕ್‌ಗೆ ಅಂಥ ಆಸರೆಯಿಲ್ಲ. ದೀರ್ಘ ರಾತ್ರಿಗಳಲ್ಲಿ ಸೈಬೀರಿಯದ ನೆಲ ತಣ್ಣಗಾಗಿ, ಅದರ ಮೇಲೆ ಭಾರವಾದ ಶೀತವಾಯು ಶೇಖರಗೊಂಡು ಅಧಿಕ ಒತ್ತಡದ ವಲಯವಾಗುತ್ತದೆ. ಅಲ್ಲಿಂದ ಹೊರಟ ಗಾಳಿ ಈ ಊರನ್ನು ಹಾಯ್ದು ಸಾಗರದತ್ತ ಸಾಗುವುದರಿಂದ, ಕಡಲಿನ ಬಿಸುಪು ಊರಿಗೆ ದಕ್ಕುವುದೇ ಇಲ್ಲ. ಊರಿನ ಪಕ್ಕದ ಕೊಲ್ಲಿಯೇ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ, ನಮ್ಮ ಮುಂಗಾರಿನಲ್ಲಿ ಆಗುವಂತೆಯೇ, ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ನೆಲದತ್ತ ಬೀಸುತ್ತದೆ. ಆಗ ಜೂನ್‌ನಲ್ಲಿ ಮಂಜು ಕವಿದು ಜಿನುಗುಮಳೆ ಹಿಡಿಯುತ್ತದೆ. ಸೆಕೆಯ ತಿಂಗಳು ಆಗಸ್ಟ್. ಆದ್ದರಿಂದ ಛತ್ರಿಯೂ ಬೇಕು.

ಏಜೆಂಟರು ಮಾರುವ 'ರಷ್ಯಾ ಕಿಟ್' ಕೊಳ್ಳಬೇಡಿ. ಒಳಗೆ ಉಣ್ಣೆ, ಮೇಲೆ ಗಾಳಿ ನುಗ್ಗದ ಕೋಟು, ಇದೇ ಸರಿಯಾದ ಕ್ರಮ; ಹತ್ತಿಯ ಒಳಉಡುಪು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ದಪ್ಪ ಕೋಟು, ಬೂಟುಗಳನ್ನು ಅಲ್ಲಿಯೇ ಕೊಳ್ಳುವುದು ಮೇಲು. ರಷ್ಯಾದ ಊರುಗಳಲ್ಲಿ ಸಾರ್ವಜನಿಕ ತಾಪನ ವ್ಯವಸ್ಥೆಯನ್ನು ಸಾಮಾನ್ಯವಾಗಿ ದಿನದ ಸರಾಸರಿ ಉಷ್ಣಾಂಶ ಐದು ದಿನ 8 ಡಿಗ್ರಿಗಿಂತ ಕೆಳಗಿದ್ದ ಮೇಲಷ್ಟೇ ಆರಂಭಿಸುತ್ತಾರೆ. ಜನವರಿಯಲ್ಲಿ ಕೊಠಡಿ ಬೆಚ್ಚಗಿರುತ್ತದೆ; ಹೊಸಬರನ್ನು ಕಾಡುವುದು ತಾಪನ ಆರಂಭವಾಗುವುದಕ್ಕೆ ಮೊದಲಿನ ಶರತ್ಕಾಲದ ವಾರಗಳು. ಒಂದು ಒಳ್ಳೆಯ ಕಂಬಳಿಯನ್ನು ಮಾತ್ರ ಇಲ್ಲಿಂದಲೇ ಕಳಿಸಿ.

ಪ್ರಶ್ನೆ: ರಷ್ಯಾದ ಸರಾಸರಿ ಉಷ್ಣಾಂಶ ಎಷ್ಟು?

ಉತ್ತರ: ಊರು, ತಿಂಗಳು ಎರಡನ್ನೂ ಬರೆದು ಕೇಳಿ.

ಪ್ರಶ್ನೆ: ಸೈಬೀರಿಯದಲ್ಲಿ ಬೇಸಿಗೆ ಎಂಬುದೇ ಇಲ್ಲವಂತೆ?

ಉತ್ತರ: ಸೊನ್ನೆಗಿಂತ 67.8 ಡಿಗ್ರಿ ಕೆಳಗಿನ ಚಳಿ ದಾಖಲಾಗಿರುವ ವೆರ್ಖೊಯಾನ್ಸ್ಕ್‌ನಲ್ಲೇ 2020ರ ಜೂನ್ 20ರಂದು 38 ಡಿಗ್ರಿ ಬಿಸಿಲು ಇತ್ತು.

ಪ್ರಶ್ನೆ: ಚಳಿಗೆ ವೋಡ್ಕಾ ಅನಿವಾರ್ಯವೇ?

ಉತ್ತರ: ಅಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ, ಆದರೆ ದೇಹದ ಶಾಖ ಬೇಗ ಸೋರಿಹೋಗುತ್ತದೆ. ಇದನ್ನು ಔಷಧವೆಂದು ಹೇಳಿಕೊಡುವ ಸೀನಿಯರ್‌ಗಳೂ ವೈದ್ಯರಾಗಲು ಹೊರಟವರೇ.